ಬೆಂಜೀನ್ ಉಂಗುರ, ಪಲ್ಲಾಡಿಯಂ, ಬಳ್ಳಾರಿ ಬಿಸಿಲು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಬಳ್ಳಾರಿಯಲ್ಲಿ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಪ್ರತಿ ವರ್ಷ ಎಂಎಸ್ಸಿ ಪ್ರಾಜೆಕ್ಟಿಗೆ ಹೊಸಬರು ಬರುತ್ತಾರೆ, ಅವೇ ಪ್ರಶ್ನೆ ಕೇಳುತ್ತಾರೆ. ಮನೆಗೆ ಹೋದರೆ ಅವ್ವ, ಕಾಕಾ ಇನ್ನೊಂದಷ್ಟು ಕೇಳುತ್ತಾರೆ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಅದಕ್ಕೆ ಒಂದು ಸಲ ಬರೆದಿಟ್ಟುಬಿಡೋಣ ಅಂತ ಕೂತಿದ್ದೇನೆ. ಪುಸ್ತಕದ ಕ್ರಮದಲ್ಲಿ ಇಲ್ಲ, ಜನ ಕೇಳಿದ ಕ್ರಮದಲ್ಲಿದೆ.

ಅಕ್ಕಾ, ನೀವು ದಿನಾ ಮಾಡೋ ಕೆಲಸ ಒಂದೇ ಮಾತಲ್ಲಿ ಹೇಳಿ.

ಎರಡು ಬೆಂಜೀನ್ ಉಂಗುರಗಳನ್ನು (ಆರು ಕಾರ್ಬನ್‌ಗಳ ಉಂಗುರ) ಪಲ್ಲಾಡಿಯಂ ಎಂಬ ಲೋಹ ಚಿಟಿಕೆ ಹಾಕಿ ಒಂದಕ್ಕೊಂದು ಜೋಡಿಸುವುದು. ಅಷ್ಟೇ. ಕೇಳಲು ಸಣ್ಣ ಕೆಲಸ ಅನಿಸುತ್ತದೆ. ಆದರೆ ನಿಮ್ಮ ಮನೆಯಲ್ಲಿ ಯಾರಾದರೂ ಬಿಪಿಗೆ ಲೊಸಾರ್ಟನ್ ಅಥವಾ ಟೆಲ್ಮಿಸಾರ್ಟನ್ ಗುಳಿಗೆ ನುಂಗುತ್ತಿದ್ದರೆ, ಆ ಗುಳಿಗೆಯ ಅಣುವಿನ ನಡುವೆ ಇಂಥದ್ದೇ ಎರಡು ಉಂಗುರಗಳ ಜೋಡಿ ಇದೆ. ಬೈಫಿನೈಲ್ ಅಂತಾರೆ ಅದಕ್ಕೆ.

ಆರೊಮ್ಯಾಟಿಕ್ ಅಂದ್ರೆ ಘಮ ಘಮ ಅನ್ನೋದಾ?

ಹೆಸರು ಬಂದದ್ದು ಹಾಗೆಯೇ. ಮೊದಮೊದಲು ಸಿಕ್ಕ, ಬೆಂಜೀನ್ ಉಂಗುರ ಇರುವ ಕೆಲವು ಪದಾರ್ಥಗಳಿಗೆ ಸುವಾಸನೆ ಇತ್ತು. ಈಗ ಆ ಅರ್ಥ ಉಳಿದಿಲ್ಲ. ಈಗ ಆರೊಮ್ಯಾಟಿಕ್ ಅಂದರೆ ಉಂಗುರದ ಸುತ್ತ ಎಲೆಕ್ಟ್ರಾನ್‌ಗಳು ಎಲ್ಲರಿಗೂ ಸೇರಿದ ಆಸ್ತಿಯಂತೆ ಹರಡಿಕೊಂಡಿರುವ ಅಣು. ಹಾಗೆ ಹರಡಿಕೊಂಡಿದ್ದಕ್ಕೇ ಅದು ಗಟ್ಟಿ, ಸುಲಭಕ್ಕೆ ಬಗ್ಗುವುದಿಲ್ಲ. ಬೆಂಜೀನನ್ನು ಫ್ಯಾರಡೆ 1825ರಲ್ಲಿ ಬೇರ್ಪಡಿಸಿದ. ಅದು ಉಂಗುರ ಎಂದು ಕೆಕುಲೆ ಹೇಳಿದ್ದು 1865ರಲ್ಲಿ. ನಡುವೆ 40 ವರ್ಷ!

ಇದೇನು ದೂರದ ವಸ್ತುವಲ್ಲ. ಬಳ್ಳಾರಿ ಜೀನ್ಸಿನ ನೀಲಿ, ಇಂಡಿಗೋ, ಅದರಲ್ಲೂ ಬೆಂಜೀನ್ ಉಂಗುರಗಳಿವೆ. ಉಕ್ಕಿನ ಕಾರ್ಖಾನೆಗೆ ಬೇಕಾದ ಕೋಕ್ ಮಾಡಲು ಕಲ್ಲಿದ್ದಲನ್ನು ಗಾಳಿ ಆಡದಂತೆ ಕಾಯಿಸುತ್ತಾರಲ್ಲ, ಆಗ ಹೊರಬರುವ ಟಾರು ಮತ್ತು ಅನಿಲದಲ್ಲಿ ಬೆಂಜೀನ್, ಟಾಲ್ವೀನ್, ನ್ಯಾಫ್ತಲೀನ್ ಎಲ್ಲ ಇರುತ್ತವೆ. ಆರೊಮ್ಯಾಟಿಕ್ ಕೆಮಿಸ್ಟ್ರಿಯ ಉದ್ಯಮ ಬೆಳೆದದ್ದೇ ಆ ಕರಿ ಟಾರಿನಿಂದ. ಉಕ್ಕಿನ ಕಾರ್ಖಾನೆ ಇರುವ ತೋರಣಗಲ್ಲು ಕಡೆ ಹೋಗುವಾಗ ನಾನು ಇದನ್ನು ಪಕ್ಕದಲ್ಲಿ ಕೂತವರಿಗೆಲ್ಲ ಹೇಳುತ್ತೇನೆ, ಯಾರೂ ಕೇಳಿಸಿಕೊಳ್ಳುವುದಿಲ್ಲ.

ಒಂದು ಎಚ್ಚರಿಕೆ. ಬೆಂಜೀನ್ ಕ್ಯಾನ್ಸರ್ ತರುವ ವಸ್ತು. ಲ್ಯಾಬಿನಲ್ಲಿ ಅದರ ಬದಲು ಟಾಲ್ವೀನ್ ಬಳಸುತ್ತೇವೆ, ಅದನ್ನೂ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ.

ಲೋಹ ಯಾಕೆ ಬೇಕು? ಬರೀ ಕಾಯಿಸಿದರೆ ಆಗಲ್ವಾ?

ಆಗುವುದಿಲ್ಲ. ನಾವು ಶುರು ಮಾಡುವುದು ಬ್ರೋಮಿನ್ ಅಂಟಿದ ಒಂದು ಉಂಗುರ, ಬೋರಾನ್ ಅಂಟಿದ ಇನ್ನೊಂದು ಉಂಗುರದಿಂದ. ಉಂಗುರಕ್ಕೆ ಅಂಟಿದ ಬ್ರೋಮಿನ್ ಸುಮ್ನೆ ಕಾಯಿಸಿದರೆ ಬಿಡುವುದೇ ಇಲ್ಲ. 1901ರಲ್ಲಿ ಉಲ್ಮನ್ ತಾಮ್ರದ ಪುಡಿ ಹಾಕಿ ಎರಡು ಉಂಗುರ ಜೋಡಿಸಿದ. ಆದರೆ ಅದಕ್ಕೆ 200 ಡಿಗ್ರಿ ದಾಟಿದ ಕಾವು ಬೇಕಿತ್ತು, ತಾಮ್ರವೂ ರಾಶಿ ರಾಶಿ ಬೇಕಿತ್ತು. ಅದಕ್ಕೂ ಮೊದಲು, 1877ರಿಂದ, ಫ್ರೀಡೆಲ್ ಮತ್ತು ಕ್ರಾಫ್ಟ್ಸ್ ಅವರ ಅಲ್ಯೂಮಿನಿಯಂ ಕ್ಲೋರೈಡ್ ದಾರಿ ಇತ್ತು. ಅದರಿಂದ ಉಂಗುರಕ್ಕೆ ಕಾರ್ಬನ್ ಸರಪಳಿ ಸೇರಿಸಬಹುದು, ಎರಡು ಉಂಗುರಗಳನ್ನು ನಾವು ಹೇಳಿದ ಜಾಗದಲ್ಲಿ ನೇರವಾಗಿ ಜೋಡಿಸಲು ಆಗುವುದಿಲ್ಲ. ಪಲ್ಲಾಡಿಯಂ ಬಂದ ಮೇಲೆ 80 ಡಿಗ್ರಿಯಲ್ಲಿ, ಎಷ್ಟೋ ಸಲ ಇನ್ನೂ ಕಡಿಮೆಯಲ್ಲಿ, ನೂರು ಅಣುವಿಗೆ ಮೂರೋ ಐದೋ ಲೋಹದ ಅಣು ಹಾಕಿ ಕೆಲಸ ಮುಗಿಸಬಹುದು.

ಪಲ್ಲಾಡಿಯಂ ಒಳಗೆ ಏನು ಮಾಡುತ್ತದೆ?

ಎಪಿಎಂಸಿಯಲ್ಲಿ ಹತ್ತಿ ದಲ್ಲಾಳಿ ನೋಡಿದ್ದೀರಲ್ಲ, ಹಾಗೆ. ಒಂದು ಕೈಯಲ್ಲಿ ರೈತ, ಇನ್ನೊಂದು ಕೈಯಲ್ಲಿ ವ್ಯಾಪಾರಿ. ಇಬ್ಬರನ್ನೂ ಹತ್ತಿರ ತಂದು ಕೈ ಕೂಡಿಸಿ, ತಾನು ನಡುವಿನಿಂದ ಜಾರಿಕೊಂಡು ಮುಂದಿನ ಗಿರಾಕಿ ಹತ್ತಿರ ಹೋಗುತ್ತಾನೆ.

ಕೆಮಿಸ್ಟ್ರಿಯಲ್ಲಿ ಇದು ಮೂರು ಹೆಜ್ಜೆ. ಮೊದಲು ಪಲ್ಲಾಡಿಯಂ, ಉಂಗುರ ಮತ್ತು ಬ್ರೋಮಿನ್ ನಡುವೆ ತೂರಿಕೊಳ್ಳುತ್ತದೆ. ಇದು ಆಕ್ಸಿಡೇಟಿವ್ ಅಡಿಷನ್. ಆಮೇಲೆ ಬೋರಾನ್ ಮೇಲೆ ಕೂತಿದ್ದ ಎರಡನೇ ಉಂಗುರ ಪಲ್ಲಾಡಿಯಂ ಮೇಲೆ ಬಂದು ಕೂರುತ್ತದೆ, ಬ್ರೋಮಿನ್ ಜಾಗ ಖಾಲಿ ಮಾಡುತ್ತದೆ. ಇದು ಟ್ರಾನ್ಸ್‌ಮೆಟಲೇಷನ್. ಬೇಸ್ (ಕ್ಷಾರ) ಹಾಕದಿದ್ದರೆ ಈ ಹೆಜ್ಜೆ ಮುಂದೆ ಹೋಗುವುದಿಲ್ಲ, ಅದಕ್ಕೇ ಪೊಟ್ಯಾಸಿಯಂ ಕಾರ್ಬೊನೇಟ್ ಹಾಕುವುದು. ಕೊನೆಗೆ ಅಕ್ಕಪಕ್ಕ ಕೂತ ಎರಡು ಉಂಗುರಗಳು ಒಂದಕ್ಕೊಂದು ಅಂಟಿ ಹೊರಬೀಳುತ್ತವೆ. ಇದು ರಿಡಕ್ಟಿವ್ ಎಲಿಮಿನೇಷನ್. ಪಲ್ಲಾಡಿಯಂ ಮೊದಲಿದ್ದ ಹಾಗೇ ಆಗುತ್ತದೆ, ಮತ್ತೆ ಶುರು. ಈ ಇಡೀ ಆಟಕ್ಕೆ ಸುಜುಕಿ ಜೋಡಣೆ ಅಂತ ಹೆಸರು.

ಒಂದೇ ವ್ಯತ್ಯಾಸ, ಈ ದಲ್ಲಾಳಿಗೆ (ಕೆಮಿಸ್ಟ್ರಿಯಲ್ಲಿ ಕ್ಯಾಟಲಿಸ್ಟ್ ಅಂತಾರೆ) ಕಮಿಷನ್ ಇಲ್ಲ. ಆದರೆ ಸುತ್ತಿ ಸುತ್ತಿ ಒಂದು ದಿನ ಸಾಯುತ್ತಾನೆ. ಅದು ಮುಂದೆ ಬರುತ್ತದೆ.

ಸುಜುಕಿ ಅಂದ್ರೆ ಕಾರಿನವರಾ?

ಅಲ್ಲ! ಅಕಿರ ಸುಜುಕಿ, ಜಪಾನಿನ ಹೊಕ್ಕೈಡೋ ವಿಶ್ವವಿದ್ಯಾಲಯದ ಪ್ರೊಫೆಸರ್. ಅವರೂ ಮಿಯೌರಾ ಅವರೂ ಬೋರಾನ್ ಬಳಸುವ ಈ ಜೋಡಣೆಯನ್ನು 1979ರಲ್ಲಿ ಪ್ರಕಟಿಸಿದರು. 2010ರ ನೊಬೆಲ್ ಸುಜುಕಿ, ನೆಗಿಶಿ, ರಿಚರ್ಡ್ ಹೆಕ್ ಮೂವರಿಗೂ ಬಂತು. ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಶುರುವಾದದ್ದೂ ಅದೇ 2010ರಲ್ಲಿ. ಒಂದಕ್ಕೊಂದು ಸಂಬಂಧ ಇಲ್ಲ, ಆದರೆ ವೈವಾದಲ್ಲಿ ಇಸವಿ ನೆನಪಿಟ್ಟುಕೊಳ್ಳಲು ನನಗೆ ಇದೇ ದಾರಿ.

ಕ್ಲೋರೋ, ಬ್ರೋಮೋ, ಅಯೋಡೋ, ಯಾವುದು ತರಿಸಲಿ?

ಅಂದರೆ ಉಂಗುರದ ಮೇಲೆ ಕ್ಲೋರಿನ್, ಬ್ರೋಮಿನ್, ಅಯೋಡಿನ್ ಯಾವುದು ಇರಬೇಕು ಅಂತ. ಅಯೋಡೋ ಸಲೀಸಾಗಿ ಒಡೆಯುತ್ತದೆ, ದುಬಾರಿ. ಕ್ಲೋರೋ ಅಗ್ಗ, ಮಹಾ ಹಟಮಾರಿ. ಅದಕ್ಕೆ ಎಲೆಕ್ಟ್ರಾನ್ ಜಾಸ್ತಿ ಕೊಡುವ ದಪ್ಪನೆಯ ಫಾಸ್ಫೀನ್ ಲಿಗ್ಯಾಂಡ್ (ಲೋಹಕ್ಕೆ ಅಂಟಿಕೊಂಡು ಜೊತೆಗಿರುವ ಅಣು) ಬೇಕು, ಲಿಗ್ಯಾಂಡ್ ಬೆಲೆ ಕೇಳಿದರೆ ಕ್ಲೋರೋದಲ್ಲಿ ಉಳಿಸಿದ ದುಡ್ಡು ಅಲ್ಲೇ ಹೋಯಿತು. ಹೊಸಬರು ಬ್ರೋಮೋ ತರಿಸಿ. ಉಂಗುರದ ಮೇಲೆ ನೈಟ್ರೋ, ಕೀಟೋನ್ ಥರದ ಎಲೆಕ್ಟ್ರಾನ್ ಎಳೆಯುವ ಗುಂಪು ಇದ್ದರೆ ಇನ್ನೂ ಬೇಗ ಆಗುತ್ತದೆ.

ಮೊದಲ ರಿಯಾಕ್ಷನ್ ಹಚ್ಚಬೇಕು. ಎಷ್ಟೆಷ್ಟು ತೂಗಲಿ?

ಗೈಡ್ ಒಪ್ಪಿದ ಮೇಲೆ, ಲ್ಯಾಬಿನಲ್ಲಿ ಮಾತ್ರ. ನಾನು ಹೊಸಬರಿಗೆ ಕೊಡುವುದು 4-ಬ್ರೋಮೋಅನಿಸೋಲ್. ಮೋಲ್ ಅಂದರೆ ಅಣುಗಳನ್ನು ಎಣಿಸುವ ಅಳತೆ. ಇದರ 1 ಮಿಲಿಮೋಲ್ ಅಂದರೆ 187 ಮಿಲಿಗ್ರಾಂ. ಫಿನೈಲ್ ಬೋರೋನಿಕ್ ಆಸಿಡ್ 1.2 ಮಿಲಿಮೋಲ್, 146 ಮಿಲಿಗ್ರಾಂ. ಪೊಟ್ಯಾಸಿಯಂ ಕಾರ್ಬೊನೇಟ್ 2 ಮಿಲಿಮೋಲ್, 276 ಮಿಲಿಗ್ರಾಂ. ನಮ್ಮ ಕ್ಯಾಟಲಿಸ್ಟ್, ಫಾಸ್ಫೀನ್ ಅಂಟಿದ ಟೆಟ್ರಾಕಿಸ್ ಪಲ್ಲಾಡಿಯಂ 3 ಮೋಲ್ ಪರ್ಸೆಂಟ್, ಅಂದರೆ 35 ಮಿಲಿಗ್ರಾಂ. ಟಾಲ್ವೀನ್ 4 ಎಂಎಲ್, ಎಥನಾಲ್ 1 ಎಂಎಲ್, ನೀರು 1 ಎಂಎಲ್. ನೈಟ್ರೋಜನ್ ಕೆಳಗೆ 80 ಡಿಗ್ರಿ, ಗಂಟೆಗೊಂದು ಸಲ, ಮಿಶ್ರಣವನ್ನು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುವ ಟಿಎಲ್‌ಸಿ ನೋಡಿ.

ನೂರಕ್ಕೆ ನೂರು ಬಂದರೆ 184 ಮಿಲಿಗ್ರಾಂ 4-ಮೆಥಾಕ್ಸಿಬೈಫಿನೈಲ್ ಸಿಗಬೇಕು. ಕಳೆದ ಸಲ ಒಬ್ಬ ಹುಡುಗ 210 ಮಿಲಿಗ್ರಾಂ ತಂದು ತೋರಿಸಿ ಯೀಲ್ಡ್ 114 ಪರ್ಸೆಂಟ್ ಅಂತ ಕುಣಿದ. ಅಪ್ಪಾ, ಅದರಲ್ಲಿ ಟಾಲ್ವೀನ್ ಇದೆ, ಒಣಗಿಸು.

ಟಿಎಲ್‌ಸಿಯಲ್ಲಿ ಮೇಲುಗಡೆ ಇನ್ನೊಂದು ಸ್ಪಾಟ್ ಕಂಡರೆ ಹೆಚ್ಚಾಗಿ ಅದು ಬರೀ ಬೈಫಿನೈಲ್. ಬೋರೋನಿಕ್ ಆಸಿಡ್ ತನ್ನನ್ನು ತಾನೇ ಜೋಡಿಸಿಕೊಂಡಿದೆ. ಆಕ್ಸಿಜನ್ ಒಳಗೆ ಹೋದಾಗ ಇದು ಜಾಸ್ತಿ.

ನೈಟ್ರೋಜನ್ ಬೇಕೇ ಬೇಕಾ? ಸಿಲಿಂಡರ್ ಖಾಲಿಯಾಗಿದೆ.

ಟೆಟ್ರಾಕಿಸ್ ಹಾಕುವುದಾದರೆ ಬೇಕೇ ಬೇಕು. ಒಳ್ಳೆ ಟೆಟ್ರಾಕಿಸ್ ಹೊಳೆಯುವ ಹಳದಿ. ಗಾಳಿಯಲ್ಲಿ ಬಿಟ್ಟರೆ ಹಸಿರು ಮಿಶ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಬಾಟಲಿ ತೆಗೆದಾಗ ಬಣ್ಣ ನೋಡಿ, ಹೆಸರು ಆಮೇಲೆ ನೋಡಿ. ಫ್ರಿಜ್ಜಿನಲ್ಲೇ ಇಡಬೇಕು. ಕರೆಂಟ್ ಹೋದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಮನೆಯ ಹಾಲಲ್ಲ, ಆ ಬಾಟಲಿ.

ಬರೀ ಬಲೂನ್ ಕಟ್ಟಿದರೆ ಸಾಲದು. ದ್ರಾವಕದಲ್ಲಿ ಕರಗಿರುವ ಆಕ್ಸಿಜನ್ ಒಳಗೇ ಇರುತ್ತದೆ. ಉದ್ದ ಸೂಜಿ ತಳಕ್ಕೆ ಇಳಿಸಿ 15-20 ನಿಮಿಷ ನೈಟ್ರೋಜನ್ ಗುಳ್ಳೆ ಬಿಡಿ, ಆಮೇಲೆ ಕ್ಯಾಟಲಿಸ್ಟ್ ಹಾಕಿ.

ಏಪ್ರಿಲ್, ಮೇ ತಿಂಗಳಲ್ಲಿ ಯಾಕೆ ಎಲ್ಲಾ ಕೆಡುತ್ತದೆ?

ಪುಸ್ತಕದಲ್ಲಿ ರೂಮ್ ಟೆಂಪರೇಚರ್ ಅಂತ ಬರೆದವರು ಬಳ್ಳಾರಿ ರಾಯಚೂರು ನೋಡಿಲ್ಲ. ಅವರ ರೂಮು 25 ಡಿಗ್ರಿ. ನಮ್ಮಲ್ಲಿ ಹೊರಗೆ 40 ದಾಟಿರುತ್ತದೆ, ಎಸಿ ಇಲ್ಲದ ಲ್ಯಾಬಿನ ಒಳಗೂ ಅಷ್ಟೇ ಕಾವು. ಡೈಈಥೈಲ್ ಈಥರ್ ಕುದಿಯುವುದು 35 ಡಿಗ್ರಿ ಹತ್ತಿರ, ಡಿಸಿಎಂ ಎಂಬ ಇನ್ನೊಂದು ದ್ರಾವಕ 40ಕ್ಕೆ. ಅಂದರೆ ಮಧ್ಯಾಹ್ನ ಈಥರ್ ಬಾಟಲಿ ಮುಚ್ಚಳ ತೆಗೆದರೆ ಬುಸ್ ಅನ್ನುತ್ತದೆ, ಡಿಸಿಎಂ ಹಾಕಿ ಕಾಲಂ (ಪ್ರಾಡಕ್ಟ್ ಶುದ್ಧ ಮಾಡುವ, ಸಿಲಿಕಾ ಪುಡಿ ತುಂಬಿದ ಗಾಜಿನ ಕೊಳವೆ) ಓಡಿಸಿದರೆ ಸಿಲಿಕಾ ಒಳಗೆ ಗುಳ್ಳೆ ಎದ್ದು ಬಿರುಕು ಬಿಡುತ್ತದೆ. ಈಥರ್ ಆವಿಗೆ ಬೆಂಕಿ ತಗುಲಿದರೆ ಕಥೆ ಮುಗಿದ ಹಾಗೆ. ಬೇಸಿಗೆಯಲ್ಲಿ ನಾನು ಈಥರ್ ಬದಲು ಈಥೈಲ್ ಅಸಿಟೇಟ್ ಹಿಡಿಯುತ್ತೇನೆ, ಅದು 77ಕ್ಕೆ ಕುದಿಯುತ್ತದೆ. ಕಾಲಂ ಕೆಲಸ ಬೆಳಗ್ಗೆ ಏಳಕ್ಕೆ ಶುರು ಮಾಡಿ ಹತ್ತಕ್ಕೆ ಮುಗಿಸುತ್ತೇನೆ. ಆಮೇಲೆ ಮಿರ್ಚಿ, ಒಗ್ಗರಣೆ.

ಫ್ಲಾಸ್ಕ್ ಕಪ್ಪಾಯಿತು. ಹಾಳಾಯಿತಾ?

ಆಗ ಹೇಳಿದೆನಲ್ಲ, ದಲ್ಲಾಳಿ ಸತ್ತ ಅಂತ, ಅದೇ ಇದು. ಪಲ್ಲಾಡಿಯಂ ಅಣುಗಳು ಒಂದಕ್ಕೊಂದು ಅಂಟಿ ಕರಿ ಪುಡಿಯಾಗಿ ಕೂತುಬಿಡುತ್ತವೆ. ಆದರೆ ಗಾಬರಿ ಬೇಡ, ಮೊದಲು ಟಿಎಲ್‌ಸಿ ಹಾಕಿ. ರಿಯಾಕ್ಷನ್ ಮುಗಿದ ಮೇಲೆ ಕಪ್ಪಾದರೆ ನಮಗೇನು? ಹತ್ತೇ ನಿಮಿಷಕ್ಕೆ ಕಪ್ಪಾದರೆ ಮಾತ್ರ ಗಾಳಿ ಒಳಗೆ ಹೋಗಿದೆ, ಅಥವಾ ಲಿಗ್ಯಾಂಡ್ ಕೆಟ್ಟಿದೆ ಅಂತ ಅನುಮಾನಿಸಿ.

ಪಲ್ಲಾಡಿಯಂ ಇಷ್ಟು ದುಬಾರಿ. ಸಂಡೂರು ಅದಿರು ಇದೆಯಲ್ಲ, ಕಬ್ಬಿಣವನ್ನೇ ಕ್ಯಾಟಲಿಸ್ಟ್ ಮಾಡಬಾರದಾ?

ಇದು ನಮ್ಮೂರಲ್ಲಿ ಮಾತ್ರ ಕೇಳುವ ಪ್ರಶ್ನೆ, ನನಗೆ ತುಂಬಾ ಇಷ್ಟದ ಪ್ರಶ್ನೆ. ಕಾಕಾ ಕೇಳಿದ್ದು ಹೀಗೆ: ದಿನಾ ಲಾರಿಗಟ್ಟಲೆ ಅದಿರು ಹೋಗುತ್ತದೆ, ನೀನು ರಷ್ಯಾದ ಲೋಹಕ್ಕೆ ದುಡ್ಡು ಸುರಿಯುತ್ತೀ ಅಲ್ಲವ್ವಾ?

ಕಬ್ಬಿಣ ಕ್ಯಾಟಲಿಸ್ಟ್ ಆಗುವುದು ನಿಜ. ಗ್ರಿಗ್ನಾರ್ಡ್ (ಮೆಗ್ನೀಸಿಯಂ ಅಂಟಿದ ಕಾರ್ಬನ್ ಸಂಯುಕ್ತ) ಜೊತೆ ಕಬ್ಬಿಣದ ಲವಣ ಬಳಸಿ ಜೋಡಿಸಬಹುದು ಎಂದು ಕೋಚಿ 1970ರ ದಶಕದಲ್ಲೇ ತೋರಿಸಿದ್ದರು. ಅದಿರನ್ನು ಹಾಗೇ ಕುಟ್ಟಿ ಹಾಕಿದರೆ ಆಗುವುದಿಲ್ಲ, ಆ ಅದಿರು, ಅಂದರೆ ಹೆಮಟೈಟ್, ದ್ರಾವಕದಲ್ಲಿ ಕರಗುವುದೇ ಇಲ್ಲ. ಅದು ಬಿಡಿ. ನಿಜವಾದ ತೊಂದರೆ ಬೇರೆ ಇದೆ, ಅದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

2003ರಲ್ಲಿ ಲೆಡ್‌ಬೀಟರ್ ಎಂಬ ಕೆಮಿಸ್ಟ್ ಮತ್ತು ಅವರ ಜೊತೆಗಾರರು ಲೋಹವೇ ಇಲ್ಲದೆ ಸುಜುಕಿ ಜೋಡಣೆ ಆಯಿತು ಎಂದು ಪ್ರಕಟಿಸಿದರು. ನೀರು, ಸೋಡಿಯಂ ಕಾರ್ಬೊನೇಟ್, ಒಂದು ಅಮೋನಿಯಂ ಲವಣ, ಮೈಕ್ರೋವೇವ್ ಕಾವು, ಅಷ್ಟೇ. ಎಲ್ಲರೂ ಬಾಯಿ ಮೇಲೆ ಬೆರಳಿಟ್ಟರು. 2005ರಲ್ಲಿ ಅದೇ ಗುಂಪು ಮತ್ತೆ ಪರೀಕ್ಷಿಸಿ, ತಪ್ಪಾಗಿತ್ತು ಅಂತ ತಾವೇ ಬರೆದರು. ಅಂಗಡಿಯಿಂದ ತಂದ ಸೋಡಿಯಂ ಕಾರ್ಬೊನೇಟಿನಲ್ಲೇ ಪಲ್ಲಾಡಿಯಂ ಇತ್ತು. ಎಷ್ಟು? ನೂರು ಕೋಟಿಯಲ್ಲಿ 50 ಪಾಲು. ನಮ್ಮ ಲೆಕ್ಕದಲ್ಲಿ ಹೇಳಬೇಕೆಂದರೆ, 20 ಟನ್ ಹೊರುವ 50 ಲಾರಿ ತುಂಬಾ ಸೋಡಾ ಸಾಲಾಗಿ ನಿಂತಿದೆ ಅಂದುಕೊಳ್ಳಿ. ಒಂದೊಂದು ಲಾರಿಯಲ್ಲಿ ಒಂದೊಂದೇ ಗ್ರಾಂ ಪಲ್ಲಾಡಿಯಂ. ಅಷ್ಟು ಸಾಕಾಯಿತು!

ಅವರು ತಪ್ಪು ಒಪ್ಪಿಕೊಂಡ ರೀತಿ ನನಗೆ ಮೊದಲ ಪ್ರಬಂಧಕ್ಕಿಂತ ದೊಡ್ಡದು ಅನಿಸುತ್ತದೆ. ಆದರೂ ಪಾಠ ಎಲ್ಲರಿಗೂ ಹತ್ತಲಿಲ್ಲ. 2021ರಲ್ಲಿ ಅಮೈನ್ ಎಂಬ ಲೋಹವಿಲ್ಲದ ಪದಾರ್ಥ ಒಂದೇ ಸುಜುಕಿ ಜೋಡಣೆ ಮಾಡುತ್ತದೆ ಎಂಬ ಪ್ರಬಂಧ ದೊಡ್ಡ ಪತ್ರಿಕೆಯಲ್ಲಿ ಬಂತು, ಅದೇ ವರ್ಷ ವಾಪಸ್ ಹೋಯಿತು. ಆ ಅಮೈನ್ ತಯಾರಿಸುವಾಗ ಬಳಸಿದ ಪಲ್ಲಾಡಿಯಂ ಅದರಲ್ಲೇ ಉಳಿದಿತ್ತು. ಕಬ್ಬಿಣದ್ದೂ ಇದೇ ಕಥೆ. 2009ರಲ್ಲಿ ಬುಕ್‌ವಾಲ್ಡ್ ಮತ್ತು ಬೋಲ್ಮ್ ಸೇರಿ, ಫೆರಿಕ್ ಕ್ಲೋರೈಡ್ ಮಾಡಿತು ಅಂದುಕೊಂಡಿದ್ದ ಕೆಲವು ಜೋಡಣೆಗಳನ್ನು ಅದರೊಳಗಿನ ಒಂದಿಷ್ಟು ತಾಮ್ರ ಮಾಡಿರಬಹುದು ಎಂದು ತೋರಿಸಿದರು.

ಹಾಗಾಗಿ ಕಾಕಾಗೆ ನನ್ನ ಉತ್ತರ: ಅದಿರಿನಿಂದ ಮಾಡಿದ ಪುಡಿ ಹಾಕಿ ಜೋಡಣೆ ಆದರೂ, ಮಾಡಿದ್ದು ಕಬ್ಬಿಣವೇ ಅಂತ ನಾನು ಹೇಗೆ ಆಣೆ ಮಾಡಲಿ?

ಹಾಗಾದರೆ ನನ್ನ ಕ್ಯಾಟಲಿಸ್ಟೇ ಕೆಲಸ ಮಾಡಿತು ಅಂತ ಗೊತ್ತಾಗುವುದು ಹೇಗೆ?

ಬ್ಲ್ಯಾಂಕ್ ಹಚ್ಚಿ. ಎಲ್ಲಾ ಹಾಕಿ, ಕ್ಯಾಟಲಿಸ್ಟ್ ಒಂದನ್ನು ಬಿಟ್ಟು. ಆದರೆ ಅದನ್ನೂ ಸರಿಯಾಗಿ ಮಾಡಬೇಕು. ನನ್ನದೇ ಅನುಭವ ಹೇಳುತ್ತೇನೆ. ಎರಡನೇ ವರ್ಷದಲ್ಲಿ ನಿಕ್ಕಲ್ ಮೇಲೆ ಕೆಲಸ ಮಾಡುತ್ತಿದ್ದೆ. ಸೊಗಸಾಗಿ ಬರುತ್ತಿತ್ತು, ಚಾರ್ಟ್ ಕೂಡ ಬರೆದಿಟ್ಟಿದ್ದೆ. ಸುಮ್ನೆ ಒಂದು ದಿನ ಬ್ಲ್ಯಾಂಕ್ ಹಚ್ಚಿದರೆ, ನಿಕ್ಕಲ್ ಇಲ್ಲದೆಯೂ ಪ್ರಾಡಕ್ಟ್ ಸ್ಪಾಟ್ ಎದ್ದು ಕೂತಿದೆ! ಮೂರು ದಿನ ತಲೆ ಕೆಟ್ಟಿತ್ತು. ಕೊನೆಗೆ ಸಿಕ್ಕಿಬಿದ್ದದ್ದು ಬೀಡು. ತಿರುಗಿಸಲು ಹಾಕುವ ಮ್ಯಾಗ್ನೆಟಿಕ್ ಬೀಡಿನ ಬಿಳಿ ಟೆಫ್ಲಾನ್ ಮೇಲೆ ಬೂದು ಗೆರೆಗಳಿದ್ದವು. ಹಿಂದೆ ಯಾರೋ ಅದನ್ನು ಪಲ್ಲಾಡಿಯಂ ರಿಯಾಕ್ಷನ್‌ಗೆ ಬಳಸಿದ್ದರು. ಹೊಸ ಬೀಡು ಹಾಕಿದೆ, ಸ್ಪಾಟ್ ಮಾಯ. ನನ್ನ ಆರು ತಿಂಗಳೂ ಅದರ ಜೊತೆ ಮಾಯ.

ಆಮೇಲೆ ಓದಿದರೆ, 2019ರಲ್ಲೇ ರಷ್ಯಾದ ಅನನಿಕೊವ್ ಗುಂಪು ಬಳಸಿದ ಬೀಡುಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ, ಟೆಫ್ಲಾನಿನ ಗೀರುಗಳೊಳಗೆ ಲೋಹ ಕೂತಿರುತ್ತದೆ ಎಂದು ತೋರಿಸಿದ್ದರು. ನಾನೇ ತಡವಾಗಿ ಓದಿದ್ದು.

ಈಗ ನನ್ನ ಡ್ರಾಯರಿನಲ್ಲಿ ಒಂದು ಡಬ್ಬಿ ಇದೆ: ಹೊಸ ಬೀಡು, ಹೊಸ ಆರ್‌ಬಿ ಫ್ಲಾಸ್ಕ್, ಹೊಸ ಸ್ಪ್ಯಾಚುಲಾ. ಬ್ಲ್ಯಾಂಕಿಗೆ ಮಾತ್ರ. ಯಾರಾದರೂ ಮುಟ್ಟಿದರೆ ಜಗಳ ಗ್ಯಾರಂಟಿ.

ಎನ್‌ಎಂಆರ್ ಇಲ್ಲಿಲ್ಲ, ಕಳಿಸಿದರೆ ವಾರಗಟ್ಟಲೆ. ಏನು ಮಾಡಲಿ?

ಎನ್‌ಎಂಆರ್ ಅಂದರೆ ಅಣುವಿನ ರಚನೆ ತೋರಿಸುವ ಯಂತ್ರ. ಸ್ಯಾಂಪಲ್ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಬರುವವರೆಗೆ ಸುಮ್ಮನೆ ಕೂರಬೇಡಿ. ಮೆಲ್ಟಿಂಗ್ ಪಾಯಿಂಟ್ ನೋಡಿ. ನಮ್ಮ ಮೆಥಾಕ್ಸಿಬೈಫಿನೈಲ್ 90 ಡಿಗ್ರಿ ಹತ್ತಿರ ಕರಗುತ್ತದೆ, ಬರೀ ಬೈಫಿನೈಲ್ 70ಕ್ಕೇ. ಇಷ್ಟರಲ್ಲೇ ಅರ್ಧ ಗೊತ್ತಾಗುತ್ತದೆ. ಎನ್‌ಎಂಆರ್ ಬಂದಾಗ 3.85 ಪಿಪಿಎಂ ಹತ್ತಿರ ಮೂರು ಹೈಡ್ರೋಜನ್‌ಗಳ ಒಂಟಿ ಗೆರೆ ಹುಡುಕಿ, ಅದು ಮೆಥಾಕ್ಸಿ. ಕಳಿಸುವ ಮೊದಲು ಸ್ಯಾಂಪಲ್ ಪೂರ್ತಿ ಒಣಗಿಸಿ, ಇಲ್ಲದಿದ್ದರೆ ವಾರಗಟ್ಟಲೆ ಕಾದು ಈಥೈಲ್ ಅಸಿಟೇಟಿನ ಎನ್‌ಎಂಆರ್ ನೋಡುತ್ತೀರಿ.

ಅವ್ವನ ಪ್ರಶ್ನೆ: ನನ್ನ ಬಿಪಿ ಗುಳಿಗೆಯೊಳಗೆ ಆ ಲೋಹ ಉಳಿದಿರುತ್ತದಾ?

ಇಲ್ಲವೇ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ ಅವ್ವಾ. ಆದರೆ ಅದಕ್ಕೆ ಮಿತಿ ಇದೆ. ಬಾಯಿಂದ ತೆಗೆದುಕೊಳ್ಳುವ ಔಷಧಿಯಲ್ಲಿ ಪಲ್ಲಾಡಿಯಂ ದಿನಕ್ಕೆ 100 ಮೈಕ್ರೋಗ್ರಾಂ ಮೀರಬಾರದು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ, ಅಂದರೆ ಗ್ರಾಮಿನ ಹತ್ತು ಸಾವಿರದಲ್ಲಿ ಒಂದು ಪಾಲು. ಕಂಪನಿಗಳು ಇದ್ದಿಲು, ಗಂಧಕ ಅಂಟಿಸಿದ ಸಿಲಿಕಾ ಹಾಕಿ ಲೋಹವನ್ನು ಹೀರಿ ತೆಗೆಯುತ್ತವೆ. ಜೋಡಣೆಯನ್ನು ಮೊದಲ ಹಂತಗಳಲ್ಲೇ ಮುಗಿಸುವುದು ಇನ್ನೊಂದು ಜಾಣತನ, ಮುಂದಿನ ಪ್ರತಿ ಶುದ್ಧೀಕರಣದಲ್ಲೂ ಅದು ಕಡಿಮೆಯಾಗುತ್ತ ಹೋಗುತ್ತದೆ. ಗುಳಿಗೆ ಬಿಡಬೇಡ.

ಹೊಲದಲ್ಲಿ ಇದರ ಉಪಯೋಗ ಇದೆಯಾ?

ಇದೆ. ಬೊಸ್ಕಾಲಿಡ್ ಎಂಬ ಶಿಲೀಂಧ್ರನಾಶಕ, ದ್ರಾಕ್ಷಿಯಂಥ ಬೆಳೆಗೆ ಬಳಸುತ್ತಾರೆ. ಬಿಎಎಸ್‌ಎಫ್ ಅದನ್ನು ಟನ್‌ಗಟ್ಟಲೆ ಮಾಡುವುದು ಸುಜುಕಿ ಜೋಡಣೆಯಿಂದಲೇ. ಕುಷ್ಟಗಿ ಕಡೆಯ ತೋಟದವರಿಗೆ ಇದನ್ನು ಹೇಳಿದರೆ, ಅದಿರಲಿ, ರೇಟು ಯಾಕೆ ಅಷ್ಟು ಅಂತ ಹೇಳವ್ವಾ ಅಂತಾರೆ.

ಪಲ್ಲಾಡಿಯಂ ಕಾರ್ಬನ್ ಕಸದ ಬುಟ್ಟಿಗೆ ಹಾಕಬಹುದಾ?

ದೇವರಾಣೆಗೂ ಬೇಡ. ಇದು ಇದ್ದಿಲ ಪುಡಿಯ ಮೇಲೆ ಕೂರಿಸಿದ ಪಲ್ಲಾಡಿಯಂ. ಹೈಡ್ರೋಜನ್ ಜೊತೆ ಬಳಸಿದ ಪಲ್ಲಾಡಿಯಂ ಕಾರ್ಬನ್ ಒಣಗಿದರೆ ತಾನೇ ಹೊತ್ತಿಕೊಳ್ಳುತ್ತದೆ, ಮೆಥನಾಲ್ ಆವಿ ಇದ್ದರಂತೂ ಕೇಳಲೇಬೇಡಿ. ಸೋಸುವಾಗ ಪೂರ್ತಿ ಒಣಗಲು ಬಿಡಬೇಡಿ, ನೀರು ಹಾಕಿ ಒದ್ದೆಯಾಗಿಯೇ ಬೇರೆ ಬಾಟಲಿಯಲ್ಲಿ ಇಡಿ. ದುಬಾರಿ ಲೋಹ, ಅದನ್ನು ವಾಪಸ್ ತೆಗೆಯುವವರು ಇದ್ದಾರೆ.

ಬ್ರೋಮಿನ್, ಬೋರಾನ್ ಯಾಕೆ? ನೇರ ಉಂಗುರದ ಹೈಡ್ರೋಜನ್ ಕಿತ್ತು ಜೋಡಿಸಬಾರದಾ?

ಇದೇ ಈಗ ಜಾಸ್ತಿ ಜನ ಮಾಡುತ್ತಿರುವ ಸಂಶೋಧನೆ. ಸಿ-ಎಚ್ ಆಕ್ಟಿವೇಷನ್. ಫುಜಿವಾರಾ ಮತ್ತು ಮೊರಿಟಾನಿ 1967ರಲ್ಲೇ ಪಲ್ಲಾಡಿಯಂನಿಂದ ದಾರಿ ತೋರಿಸಿದ್ದರು, 1993ರಲ್ಲಿ ಮುರಾಯ್ ರುಥೇನಿಯಂ ಬಳಸಿ ಇನ್ನೊಂದು ತೋರಿಸಿದರು. ತೊಡಕು ಏನೆಂದರೆ ಉಂಗುರದ ತುಂಬಾ ಹೈಡ್ರೋಜನ್‌ಗಳಿವೆ, ಯಾವುದನ್ನು ಕೀಳಬೇಕು ಅಂತ ಲೋಹಕ್ಕೆ ಹೇಳುವವರು ಯಾರು? ಅದಕ್ಕೆ ಉಂಗುರದ ಮೇಲೆ ನೈಟ್ರೋಜನ್ ಅಥವಾ ಆಕ್ಸಿಜನ್ ಇರುವ ಒಂದು ಗುಂಪು ಇಟ್ಟು, ಲೋಹವನ್ನು ಅಲ್ಲಿ ಕಟ್ಟಿಹಾಕಿ, ಪಕ್ಕದ ಹೈಡ್ರೋಜನ್ ಕೀಳಿಸುತ್ತಾರೆ. ಚೆಂದ ಇದೆ. ಆದರೆ ಎಂಎಸ್ಸಿಯ ಆರು ತಿಂಗಳ ಪ್ರಾಜೆಕ್ಟಿಗೆ ನಾನು ಕೊಡುವುದಿಲ್ಲ.

ಇದು ಕಲಿತರೆ ಕೆಲಸ ಸಿಗುತ್ತದಾ?

ಹೈದರಾಬಾದಿನ ಔಷಧಿ ಕಂಪನಿಗಳ ಇಂಟರ್‌ವ್ಯೂನಲ್ಲಿ ಸುಜುಕಿ, ಬುಕ್‌ವಾಲ್ಡ್ ಜೋಡಣೆಗಳ ಬಗ್ಗೆ ಕೇಳುತ್ತಾರೆ. ಮೆಕ್ಯಾನಿಸಂ ಬಾಯಿಪಾಠ ಒಪ್ಪಿಸಿದರೆ ನಗುತ್ತಾರೆ. ನಿಮ್ಮದು ಯಾವುದು ಕೆಟ್ಟಿತು, ಹೇಗೆ ಸರಿ ಮಾಡಿದಿರಿ ಅಂತ ಹೇಳಿ, ಕಿವಿ ನಿಮಿರುತ್ತದೆ.

ಬೇಸಿಗೆಯಲ್ಲಿ ನಲ್ಲಿ ನೀರೂ ಬಿಸಿ, ದಿನಾ ಬರುವುದೂ ಇಲ್ಲ. ಕಾಂಡೆನ್ಸರ್ ಹೇಗೆ ಓಡಿಸಲಿ?

ಟ್ಯಾಂಕಿನ ನೀರು ಮಧ್ಯಾಹ್ನ ಸ್ನಾನಕ್ಕೆ ಕಾಯಿಸಿದ ಹಾಗಿರುತ್ತದೆ, ನಿಜ. ಕಾಂಡೆನ್ಸರ್ ಅಂದರೆ ಕುದಿಯುವ ದ್ರಾವಕದ ಆವಿಯನ್ನು ತಣಿಸುವ ಗಾಜಿನ ಕೊಳವೆ, ಅದಕ್ಕೆ ತಣ್ಣೀರು ಬೇಕೇ ಬೇಕು. ಒಂದು ಬಕೆಟ್ ತಗೊಳ್ಳಿ, ನೀರು ತುಂಬಿಸಿ ಐಸ್ ಹಾಕಿ. ಮನೆಯ ಏರ್ ಕೂಲರಿನೊಳಗೆ ನೀರು ಎತ್ತುವ ಸಣ್ಣ ಪಂಪು ಇರುತ್ತದಲ್ಲ, ಅದನ್ನು ಬಕೆಟಿನಲ್ಲಿ ಮುಳುಗಿಸಿ ಕಾಂಡೆನ್ಸರಿನ ಕೆಳಗಿನ ಬಾಯಿಗೆ ಪೈಪ್ ಜೋಡಿಸಿ, ಮೇಲಿನ ಬಾಯಿಯ ಪೈಪ್ ಮತ್ತೆ ಬಕೆಟಿಗೆ ಬಿಡಿ. ಅದೇ ನೀರು ಸುತ್ತುತ್ತಿರುತ್ತದೆ. ಪೈಪಿನ ಎರಡೂ ಕಡೆ ತಂತಿ ಬಿಗಿಯಿರಿ, ಪ್ಲಗ್ಗು ನೀರಿನಿಂದ ದೂರ ಇರಲಿ. ಕರೆಂಟ್ ಹೋದರೆ ಪಂಪು ನಿಲ್ಲುತ್ತದೆ, ಆದರೆ ಆಯಿಲ್ ಬಾತ್ ಬಿಸಿಯಾಗಿಯೇ ಇರುತ್ತದೆ, ಆಗ ಮೊದಲು ಬಾತ್ ಕೆಳಗಿಳಿಸಿ. ಮತ್ತೆ ಊಟಕ್ಕೆ ಹೋಗುವಾಗ ಐಸ್ ಹಾಕಲು ಯಾರಿಗಾದರೂ ಹೇಳಿ ಹೋಗಿ.